ಮಣೂಕದ ಹಸಿರು ಹೋದರೆ ರೇಟೂ ಹೋಯಿತು

ವಿಜಯಪುರ ಎಪಿಎಂಸಿಯ ಸವಾಲಿನಲ್ಲಿ (ಹರಾಜಿನಲ್ಲಿ) ಮಣೂಕದ, ಅಂದರೆ ಒಣದ್ರಾಕ್ಷಿಯ, ಬಣ್ಣಕ್ಕೇ ಮೊದಲ ಬೆಲೆ, ಕಾಳಿನ ಗಾತ್ರ ಆಮೇಲೆ. ಒಣಗಿಸುವ ಶೆಡ್ಡಿನಿಂದ ಇಳಿಸಿದ ಹಸಿರು ಮಾಲು ಬೇಸಿಗೆಯ ಗೋದಾಮಿನಲ್ಲಿ ಉಳಿದರೆ ಹಳದಿಯಾಗಿ, ಕೊನೆಗೆ ಕಂದಾಗುತ್ತದೆ. ತಿನ್ನಲು ಅಡ್ಡಿಯಿಲ್ಲ, ರೇಟು ಮಾತ್ರ ಬಿದ್ದಿರುತ್ತದೆ. ಇದನ್ನು ಪೂರ್ತಿ ತಡೆಯಲಾಗದು, ನಿಧಾನ ಮಾಡಬಹುದು.

ಒಣಗಿಸುವಾಗಲೇ ಅರ್ಧ ಕೆಲಸ ಮುಗಿಯಬೇಕು. ದ್ರಾಕ್ಷಿಯ ಸಿಹಿ 22 ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ದಾಟುವವರೆಗೆ ನಾನು ಗೊಂಚಲು ಕತ್ತರಿಸುವುದಿಲ್ಲ. 100 ಲೀಟರ್ ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ 2.5 ಕೆಜಿ, ಡಿಪ್ಪಿಂಗ್ ಆಯಿಲ್ 1.5 ಲೀಟರ್ ಹಾಕಿ, ಗೊಂಚಲನ್ನು 2ರಿಂದ 4 ನಿಮಿಷ ಅದ್ದುತ್ತೇನೆ. ಕಾಳಿನ ಮೇಲಿನ ಮೇಣ ಸಡಿಲವಾಗಿ ನೀರು ಬೇಗ ಹೊರಬರುತ್ತದೆ. ಒಣಗುವುದು ತಡವಾದಷ್ಟೂ ಸಿಪ್ಪೆಯ ಕಿಣ್ವ ಕಂದು ಬಣ್ಣ ಕಟ್ಟುತ್ತದೆ. ಹಾಗಂತ ನೇರ ಬಿಸಿಲಿಗೆ ಹಾಕಿದರೂ ಹಸಿರು ಉಳಿಯದು. ನೆರಳು, ಗಾಳಿಯಾಡುವ ಬಲೆ ಎರಡೂ ಬೇಕು.

ಇನ್ನು ತೇವ. ಹೆಚ್ಚು ಮಂದಿ ಕೆಡುವುದು ಇಲ್ಲೇ. 18% ತೇವದ 100 ಕೆಜಿ ಮಾಲು 14%ಕ್ಕೆ ಒಣಗಿದರೆ ಉಳಿಯುವುದು ಸುಮಾರು 95 ಕೆಜಿ. ಆ 5 ಕೆಜಿ ತೂಕದ ಆಸೆಗೆ ಹಸಿಯಾಗಿಯೇ ಪ್ಯಾಕ್ ಮಾಡಿದರೆ ಬಣ್ಣ ಬೇಗ ಇಳಿಯುತ್ತದೆ, ಬೂಷ್ಟೂ ಹಿಡಿಯಬಹುದು. ನಾನು 14–15%ಕ್ಕೆ ನಿಲ್ಲಿಸುತ್ತೇನೆ. ಮೀಟರ್ ಇಲ್ಲದಿದ್ದರೆ ಒಂದು ಮುಷ್ಟಿ ಹಿಂಡಿ ಬಿಡಿ. ಕಾಳು ತಾನಾಗಿ ಬಿಡಿಸಿಕೊಳ್ಳಬೇಕು, ಉಂಡೆಯಾಗಿ ನಿಂತರೆ ಇನ್ನೂ ಒಣಗಬೇಕು. ಈ ಪರೀಕ್ಷೆ ಅಂದಾಜಿಗೆ ಮಾತ್ರ. ಮಾಲು ದೊಡ್ಡದಿದ್ದರೆ ಮೀಟರ್ ಕೊಳ್ಳಲೇಬೇಕು.

ಕಡ್ಡಿ, ಕಸ ತೆಗೆದು, 15 ಕೆಜಿ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಕಟ್ಟಿ ಕೋಲ್ಡ್ ಸ್ಟೋರೇಜಿನಲ್ಲಿ 4–5 ಡಿಗ್ರಿಗೆ ಇಡುತ್ತೇನೆ. ಬಣ್ಣ ಇಳಿಯುವುದು, ಹುಳ ಬೀಳುವುದು ಎರಡೂ ಹಿಡಿತಕ್ಕೆ ಬರುತ್ತವೆ.

ಎಷ್ಟು ದಿನ ಇಡುವುದು? ಲೆಕ್ಕ ಹಾಕದೆ ಕಾಯಬೇಡಿ. ಇವತ್ತಿನ ರೇಟು ಕೆಜಿಗೆ 200 ರೂಪಾಯಿ, ಸಾಲದ ಬಡ್ಡಿ ವರ್ಷಕ್ಕೆ 12% ಎಂದು ಹಿಡಿದರೆ 6 ತಿಂಗಳಿಗೆ ಬಡ್ಡಿಯೇ 12 ರೂಪಾಯಿ. ತೂಕ 2% ಕಮ್ಮಿಯಾದರೆ ಇನ್ನೂ 4. ಇದಕ್ಕೆ ಬಾಡಿಗೆ, ಹಮಾಲಿ ಸೇರಿಸಿ. 216ರ ಮೇಲೆ ಇವೆರಡೂ ಗಿಟ್ಟುವ ಭರವಸೆ ಇಲ್ಲದಿದ್ದರೆ ಈಗಲೇ ಸವಾಲಿಗೆ ಹಾಕುವುದೇ ಲಾಭ. ಬಣ್ಣ ಆಗಲೇ ಮಂಕಾದ ಮಾಲನ್ನಂತೂ ನಾನು ಇಡುವುದೇ ಇಲ್ಲ, ಬಾಡಿಗೆ ಕೊಟ್ಟರೂ ಹಸಿರು ವಾಪಸ್ ಬರುವುದಿಲ್ಲ.

ಹೊರತೆಗೆದ ಕೂಡಲೇ ಬಾಕ್ಸ್ ಬಿಚ್ಚಬೇಡಿ. ತಣ್ಣನೆ ಕಾಳಿನ ಮೇಲೆ ಹೊರಗಿನ ಗಾಳಿಯ ನೀರು ಕೂತು ಮಾಲು ಅಂಟಂಟಾಗುತ್ತದೆ. ಹಾಳೆ ಮುಚ್ಚಿದ ಹಾಗೇ ಒಂದು ದಿನ ನೆರಳಲ್ಲಿಟ್ಟು, ಹೊರಗಿನ ಬಿಸಿಗೆ ಹೊಂದಿದ ಮೇಲೆ ಸ್ಯಾಂಪಲ್ ತೆಗೆಯಿರಿ.