ಕಾಗದ ಮೊದಲು, ಫೋಟೋ ಆಮೇಲೆ: ಕಾಸರಗೋಡಿನ ಜಾಗದ ವ್ಯವಹಾರಕ್ಕೆ ಬ್ಲಾಗ್ ಕಟ್ಟಿದ ಬಗೆ

ಜಾಗ ಮಾರಿಸಲು ನಾವು ಬ್ಲಾಗ್ ಶುರು ಮಾಡಿದಾಗ, ಜಾಗ ಬೇಕಾದವರು ಬ್ರೋಕರನ್ನು ಹಿಡಿಯುತ್ತಾರೆ, ಕನ್ನಡದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಎಂದು ಕುಂಬಳೆಯಿಂದ ಬದಿಯಡ್ಕದವರೆಗೆ ಎಲ್ಲರೂ ಕೇಳಿದರು. ಈಗ ನಮಗೆ ಬರುವ ವಿಚಾರಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಲಾಗಿನಿಂದಲೇ ಬರುತ್ತದೆ. ಬ್ಲಾಗ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಹಾಕುವುದು, ಥೀಮ್ ಆರಿಸುವುದು ನಿಮಗೆಲ್ಲ ಗೊತ್ತು. ಗೆಲುವು ಇರುವುದು ವಿಂಗಡಣೆಯಲ್ಲಿ.

ಊರು, ಬೆಲೆ ಎಂದು ವಿಭಾಗ ಮಾಡಿದ ವಿನ್ಯಾಸ ನಿಲ್ಲಲಿಲ್ಲ. ಪೆರ್ಲದಲ್ಲೊಂದು, ಬಾಯಾರಿನಲ್ಲೊಂದು ಜಾಗವಿದ್ದರೆ ವಿಭಾಗಗಳೆಲ್ಲ ಖಾಲಿ ಕಾಣುತ್ತವೆ. ಬೆಲೆ ತಿಂಗಳೊಳಗೆ ಬದಲಾಗಿ ಪುಟ ಹಳತಾಗುತ್ತದೆ. ಬದಲಾಗಿ ದಾಖಲೆಯಲ್ಲಿ ಭೂಮಿ ಏನಾಗಿದೆ ಎಂಬುದರ ಮೇಲೆ ವಿಭಾಗಿಸಿ: ಮನೆ ಕಟ್ಟುವ ಹಿತ್ತಿಲು, ತೋಟ, ನಿಲ (ದಾಖಲೆಯಲ್ಲಿ ಗದ್ದೆ), ಕಟ್ಟಡ. ಊರಿನ ಹೆಸರು ಬರೀ ಟ್ಯಾಗ್ ಆಗಲಿ.

ನಿಲವನ್ನು ಬೇರೆ ಇಟ್ಟದ್ದಕ್ಕೆ ಕಾರಣ ಕೇರಳದ 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನು. ಕಣ್ಣಿಗೆ ತೆಂಗಿನ ತೋಟ ಕಂಡರೂ ತೀರ್ವೆ (ಭೂಕಂದಾಯ) ರಿಜಿಸ್ಟರಿನಲ್ಲಿ ನಿಲ ಎಂದಿದ್ದರೆ ಮನೆ ಕಟ್ಟಲು ತಡೆ. ಡಾಟಾ ಬ್ಯಾಂಕಿನಲ್ಲಿ, ಅಂದರೆ ಈ ಕಾನೂನಿನಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಜಾಗ ಸೇರಿದ್ದರೆ ತೆಗೆಸಲು ಫಾರ್ಮ್ 5 ಅರ್ಜಿ. ಡಾಟಾ ಬ್ಯಾಂಕಿನಲ್ಲಿಲ್ಲದ, 50 ಸೆಂಟಿನೊಳಗಿನ ಜಾಗ ಪರಿವರ್ತಿಸಲು ಫಾರ್ಮ್ 6. ಮಂಗಳೂರು, ಬೆಂಗಳೂರಿನಿಂದ ಬರುವವರಿಗೆ ಇದು ಗೊತ್ತೇ ಇರುವುದಿಲ್ಲ. ಇದನ್ನು ಬಿಡಿಸಿ ಬರೆದ ಒಂದೇ ಲೇಖನ ನಮ್ಮ ಎಲ್ಲ ಜಾಹೀರಾತಿಗಿಂತ ಹೆಚ್ಚು ಜನರನ್ನು ತಂದಿದೆ. ಪ್ರತಿ ನಿಲದ ಪುಟದಿಂದಲೂ ಅದಕ್ಕೆ ಕೊಂಡಿ ಕೊಡಿ.

ಒಂದು ಜಾಗದ ಪುಟದಲ್ಲಿ ಮೊದಲು ಆರು ಸಾಲು: ಆಧಾರ (ಜಾಗದ ನೋಂದಾಯಿತ ಪತ್ರ), ಅಡಿ ಆಧಾರ (ಅದಕ್ಕಿಂತ ಹಿಂದಿನ ಪತ್ರ), ಈ ವರ್ಷದ ತೀರ್ವೆ ರಶೀದಿ, ಋಣಭಾರ ಪತ್ರ, ದಾರಿಯ ಹಕ್ಕು, ನೀರು. ಇದ್ದರೆ 'ಇದೆ', ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. 'ಕ್ಲಿಯರ್ ಟೈಟಲ್' ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ. ನೀರಿನ ಸಾಲಿನಲ್ಲಿ ಬಾವಿಯೋ ಕೊಳವೆ ಬಾವಿಯೋ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗವೋ ಹೇಳಿ, ಏಪ್ರಿಲ್‌ನಲ್ಲಿ ನೀರು ಉಳಿಯುತ್ತದೋ ಎಂಬುದನ್ನೂ ಸೇರಿಸಿ. ಕುಮ್ಕಿ (ಜಾಗಕ್ಕೆ ತಾಗಿದ, ಬಳಕೆಯ ಹಕ್ಕು ಮಾತ್ರ ಇರುವ ಸರ್ಕಾರಿ ಭೂಮಿ) ಇದ್ದರೆ ಒಟ್ಟು ವಿಸ್ತೀರ್ಣಕ್ಕೆ ಕೂಡಿಸಬೇಡಿ, ಬೇರೆ ಸಾಲು ಮಾಡಿ. ವಿಸ್ತೀರ್ಣ ಎರಡೂ ಲೆಕ್ಕದಲ್ಲಿರಲಿ: 20 ಸೆಂಟು ಎಂದರೆ ಆಧಾರದಲ್ಲಿ 8.09 ಆರ್ (ಒಂದು ಆರ್ ನೂರು ಚದರ ಮೀಟರ್). ಸ್ಟಾಂಪು 8 ಶೇಕಡಾ, ನೋಂದಣಿ 2 ಶೇಕಡಾ ಎಂಬ ಖರ್ಚನ್ನೂ ಅಲ್ಲೇ ಕಾಣಿಸಿದರೆ ಕೊನೆ ಗಳಿಗೆಯ ಚೌಕಾಸಿ ಕಡಿಮೆಯಾಗುತ್ತದೆ. ಲೇಔಟ್ ಮಾರುವುದಾದರೆ, ನೋಂದಣಿ ಬೇಕಾದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲದೆ ಪೋಸ್ಟ್ ಹಾಕಲೇಬೇಡಿ.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡುವ ಆಸೆ ಬಿಡಿ. ಒಂದೊಂದು ಕನ್ನಡ ಅಕ್ಷರಚಿಹ್ನೆ ವಿಳಾಸದಲ್ಲಿ ಒಂಬತ್ತು ಅಕ್ಷರವಾಗುತ್ತದೆ, ವರ್ಡ್‌ಪ್ರೆಸ್ ಇನ್ನೂರಕ್ಕೆ ಕತ್ತರಿಸುತ್ತದೆ. ಶೀರ್ಷಿಕೆ ಅರ್ಧಕ್ಕೇ ತುಂಡಾಗಿ, ವಾಟ್ಸಾಪಿನಲ್ಲಿ ಕಳಿಸಿದಾಗ ಶೇಕಡಾ ಚಿಹ್ನೆಗಳ ರಾಶಿ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಊರು ಮತ್ತು ಜಾಗದ ನಂಬರ್ ಸಾಕು. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಫಾಂಟ್, ಸಾಲಿನ ಅಂತರ 1.7, ಬಹಳ ಇಳಿಸಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಫೋಟೋ ಪುಟಕ್ಕೆ ಆರು ಸಾಕು, ಒಂದೊಂದು 150 ಕೆಬಿಯೊಳಗೆ. ಫೋನಿನ ಫೋಟೋದೊಳಗೆ ಸ್ಥಳದ ಗುರುತು ಅಡಗಿರಬಹುದು, ಅದನ್ನು ಅಳಿಸದೆ ಏರಿಸಿದರೆ ಬೇರೆ ಬ್ರೋಕರ್ ನೇರ ಜಾಗದವರ ಮನೆಗೇ ಹೋಗುತ್ತಾನೆ. ಡ್ರೋನ್ ವಿಡಿಯೋ ಕೂಡ ಹಾಕಿ ನೋಡಿದ್ದಾಯಿತು. ಒಂದಕ್ಕೆ ನಾಲ್ಕೈದು ಸಾವಿರ, ನೋಡಿದವರು ಬಹಳ, ಕರೆ ಮಾಡಿದವರು ಬೆರಳೆಣಿಕೆ. ಅದೇ ದುಡ್ಡಿಗೆ ಸರ್ವೆಯರನ್ನು ಕರೆಸಿ ಗಡಿ ಗುರುತಿಸಿದ ಸ್ಕೆಚ್ ಹಾಕಿದ ಪುಟಗಳ ಜಾಗ ಬೇಗ ಮಾರಾಟವಾಯಿತು.

ಡೊಮೇನ್, ಹೋಸ್ಟಿಂಗ್ ಸೇರಿ ವರ್ಷಕ್ಕೆ ಐದು ಸಾವಿರದ ಆಸುಪಾಸು. ಜಾಗದ ಜಾಹೀರಾತು ಹಾಕುವ ಪೋರ್ಟಲ್‌ಗಳ ಚಂದಾ ಇದರ ಐದಾರು ಪಟ್ಟು ಹೋಗುತ್ತಿತ್ತು, ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಬೇರೆ ಬ್ರೋಕರುಗಳದ್ದೇ.

ಮಾರಿದ ಜಾಗದ ಪುಟ ಅಳಿಸಬೇಡಿ. ಗೂಗಲ್ ಅದನ್ನೇ ತೋರಿಸುತ್ತಿರುತ್ತದೆ. ಮೇಲೆ 'ಮಾರಾಟವಾಗಿದೆ' ಎಂದು ಹಾಕಿ, ಕೆಳಗೆ ಅದೇ ಗ್ರಾಮದ ಮೂರು ಜಾಗ ತೋರಿಸಿ. ವಾಟ್ಸಾಪ್ ಬಟನ್ ಒತ್ತಿದಾಗ ಜಾಗದ ನಂಬರ್ ತಾನೇ ಸಂದೇಶದಲ್ಲಿ ಬರುವಂತೆ ಮಾಡಿ. ಆ ಸಂದೇಶದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದೇವೆ, ಸುಮ್ಮನೆ ಕೇಳುವವರು ಅಲ್ಲೇ ಬಿದ್ದು ಹೋಗುತ್ತಾರೆ. ಆ ಪ್ರಶ್ನೆ ಮಾತ್ರ ನಮ್ಮಲ್ಲೇ ಇರಲಿ.