ಎಂಟಡಿ ಎತ್ತರದ ಕೋಣೆಗೆ ನೂರು ಇಂಚಿನ ಪರದೆ

ಹೋಮ್ ಥಿಯೇಟರ್ ಮಾಡಿಸುವಾಗ ಹೆಚ್ಚಿನವರು ಕೋಣೆಯ ಉದ್ದ ಅಳೆಯುತ್ತಾರೆ, ಎತ್ತರ ಮರೆಯುತ್ತಾರೆ. ಫಾಲ್ಸ್ ಸೀಲಿಂಗ್ ಹಾಕಿಸಿದ ಫ್ಲ್ಯಾಟಿನಲ್ಲಾಗಲಿ, ಕರಾವಳಿಯ ಹಳೆಮನೆಯ ಉಪ್ಪರಿಗೆಯಲ್ಲಾಗಲಿ ಎತ್ತರ ಎಂಟಡಿಗೆ, ಅಂದರೆ 244 ಸೆಂ.ಮೀ.ಗೆ ಇಳಿದಿದ್ದರೆ ಪರದೆಯ ಜಾಗವನ್ನು ಮೊದಲು ಗೊತ್ತುಮಾಡಿ. ಪ್ರೊಜೆಕ್ಟರ್ ಕೊಳ್ಳುವುದು ಆಮೇಲೆ.

ನೂರು ಇಂಚು ಎಂದರೆ ಮೂಲೆಯಿಂದ ಮೂಲೆಗಿನ ಅಳತೆ. 16:9 ಆಕಾರದ ಇಂಥ ಪರದೆ 221 ಸೆಂ.ಮೀ. ಅಗಲ, 124.5 ಸೆಂ.ಮೀ. ಎತ್ತರ ಇರುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 100 ಸೆಂ.ಮೀ. ಮೇಲಿರುತ್ತದೆ. ಆ ಮಟ್ಟ ಪರದೆಯ ಕೆಳಗಿನ ಮೂರನೇ ಒಂದು ಭಾಗದೊಳಗೆ ಬಂದರೆ ಕುತ್ತಿಗೆ ನೋಯುವುದಿಲ್ಲ. ಹಾಗಾಗಿ ಪರದೆಯ ಕೆಳ ಅಂಚು ನೆಲದಿಂದ 65ರಿಂದ 80 ಸೆಂ.ಮೀ. ಮೇಲಿರಲಿ. ಗೋಡೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೂತು ನೋಡಿ. ಸೋಫಾ ಹತ್ತಡಿಗಿಂತ ಹತ್ತಿರವಿದ್ದರೆ 92 ಇಂಚು ಸಾಕು.

ಮುಂದಿನದು ಆಫ್‌ಸೆಟ್. ಸೀಲಿಂಗಿಗೆ ತಲೆಕೆಳಗಾಗಿ ತೂಗಿಸಿದ ಪ್ರೊಜೆಕ್ಟರಿನ ಲೆನ್ಸಿಗಿಂತ ಚಿತ್ರ ಎಷ್ಟು ಕೆಳಗೆ ಶುರುವಾಗುತ್ತದೆ ಎಂಬುದರ ಅಳತೆ ಇದು. ತಗ್ಗಿನ ಕೋಣೆಯಲ್ಲಿ ಎಲ್ಲ ನಿಂತಿರುವುದು ಇದರ ಮೇಲೆ. ಕೈಪಿಡಿಯಲ್ಲಿ 116% ಎಂದಿದ್ದರೆ ಚಿತ್ರದ ಎತ್ತರದ 16%, ಅಂದರೆ ನಮ್ಮ ಪರದೆಗೆ 20 ಸೆಂ.ಮೀ. ಲೆನ್ಸ್ 225 ಸೆಂ.ಮೀ. ಎತ್ತರದಲ್ಲಿದ್ದರೆ ಚಿತ್ರ 205ಕ್ಕೆ ಶುರುವಾಗಿ 80ರ ಆಸುಪಾಸಿನಲ್ಲಿ ಮುಗಿಯುತ್ತದೆ, ಸರಿಯಾಗಿ ಹೊಂದುತ್ತದೆ. ಅದೇ 105% ಇದ್ದರೆ ಕೆಳ ಅಂಚು 94ಕ್ಕೆ ಏರುತ್ತದೆ. ಇಳಿಸಲು ಉದ್ದನೆಯ ಪೈಪ್ ಹಾಕಿದಿರೋ, ಓಡಾಡುವವರ ತಲೆಗೆ ತಾಗುತ್ತದೆ. ಪ್ರೊಜೆಕ್ಟರನ್ನೇ ಬಗ್ಗಿಸಿ, ಸೊಟ್ಟಾದ ಚಿತ್ರವನ್ನು ಕೀಸ್ಟೋನ್ ಎಂಬ ಡಿಜಿಟಲ್ ಸೌಲಭ್ಯದಿಂದ ಸರಿಪಡಿಸುವುದು ಬೇಡ: ಪಿಕ್ಸೆಲ್‌ಗಳು ಕಳೆದು ಅಕ್ಷರಗಳ ಅಂಚು ಮಸುಕಾಗುತ್ತದೆ. ಲೆನ್ಸ್ ಶಿಫ್ಟ್, ಅಂದರೆ ಪ್ರೊಜೆಕ್ಟರನ್ನು ಕದಲಿಸದೆ ಲೆನ್ಸನ್ನಷ್ಟೇ ಸರಿಸಿ ಚಿತ್ರವನ್ನು ಮೇಲೆ ಕೆಳಗೆ ಮಾಡುವ ಸೌಲಭ್ಯ ಇರುವ ಮಾಡೆಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅದು ದಂಡವಲ್ಲ.

ಪರದೆಯ ಅಗಲವನ್ನು ಕೈಪಿಡಿಯಲ್ಲಿರುವ ಥ್ರೋ ರೇಶಿಯೊ ಎಂಬ ಸಂಖ್ಯೆಯಿಂದ ಗುಣಿಸಿದರೆ ಪರದೆಯಿಂದ ಲೆನ್ಸ್ ಇರಬೇಕಾದ ದೂರ ಸಿಗುತ್ತದೆ. 1.2 ಇದ್ದರೆ 265 ಸೆಂ.ಮೀ. ಹದಿನಾಲ್ಕು ಅಡಿ ಉದ್ದದ ಕೋಣೆಯ ನಡುವೆ 1200 ಮಿ.ಮೀ. ಫ್ಯಾನ್ ಇದ್ದರೆ ಈ ಜಾಗ ಅದರ ರೆಕ್ಕೆಗಳ ಸುತ್ತಿನೊಳಗೇ ಬೀಳುತ್ತದೆ! ಲೆನ್ಸಿನ ಜಾಗದಿಂದ ಪರದೆಯ ನಾಲ್ಕೂ ಮೂಲೆಗೆ ದಾರ ಎಳೆದು ನೋಡಿ. ದಾರಕ್ಕೆ ರೆಕ್ಕೆ ತಾಗಿದರೆ ಚಿತ್ರ ಮಿಣುಕುತ್ತದೆ. ಆಗ ಫ್ಯಾನ್ ತೆಗೆದು ಗೋಡೆಗೆ ಎರಡು ವಾಲ್ ಫ್ಯಾನ್ ಹಾಕಿಸಿ.

ದುಬಾರಿ ಪರದೆಗೆ ದುಡ್ಡು ಹಾಕುವ ಮೊದಲು ಸೀಲಿಂಗಿಗೆ ಬಣ್ಣ ಹೊಡೆಸಿ. ತಗ್ಗಿನ ಬಿಳಿ ಸೀಲಿಂಗ್ ಪರದೆಯ ಬೆಳಕನ್ನು ಪರದೆಗೇ ವಾಪಸ್ ಎರಚಿ ಚಿತ್ರದ ಕಪ್ಪನ್ನು ಬೂದು ಮಾಡುತ್ತದೆ. ಪರದೆಯಿಂದ ಐದಡಿಯವರೆಗಾದರೂ ಹೊಳಪಿಲ್ಲದ ಗಾಢ ಬಣ್ಣ ಬೇಕು. ಉಪ್ಪರಿಗೆಯ ಮರದ ಮುಚ್ಚಿಗೆಗೆ ಪಾಲಿಷ್ ಇಲ್ಲದಿದ್ದರೆ ಈ ಕೆಲಸ ಅರ್ಧ ಆದಂತೆಯೇ. ಕತ್ತಲೆ ಮಾಡಿದ ಕೋಣೆಯಲ್ಲಿ ಈ ಪರದೆಗೆ ತಲುಪಬೇಕಾದ ಬೆಳಕು 500 ಲ್ಯೂಮೆನ್‌ನಷ್ಟು. ಸಿನಿಮಾ ಮೋಡ್‌ನಲ್ಲಿ ಬೆಳಕು ತಗ್ಗುವುದರಿಂದ 1500ರಿಂದ 2000 ಆನ್ಸಿ (ANSI, ಗೊತ್ತಾದ ಮಾನದಂಡದಂತೆ ಅಳೆದ) ಲ್ಯೂಮೆನ್‌ನ ಪ್ರೊಜೆಕ್ಟರ್ ಕೊಳ್ಳಿ. ‘ಆನ್ಸಿ’ ಇಲ್ಲದೆ ಬರೀ ‘ಲ್ಯೂಮೆನ್’ ಎಂದು ಬರೆದ ಸಂಖ್ಯೆಯನ್ನು ನಂಬಬೇಡಿ.

ಪ್ರೊಜೆಕ್ಟರನ್ನು ತೂಗಿಸುವ ಮೌಂಟ್ ಅನ್ನು ಫಾಲ್ಸ್ ಸೀಲಿಂಗಿನ ಜಿಪ್ಸಮ್ ಹಲಗೆಗೆ ಬಿಗಿಯಬಾರದು. ಮೇಲಿನ ಆರ್‌ಸಿಸಿಗೆ ಆ್ಯಂಕರ್ ಬೋಲ್ಟ್ ಹಾಕಿಸಿ. ಮುಚ್ಚಿಗೆಯಾದರೆ ತೊಲೆಗೇ ಸ್ಕ್ರೂ ಕೂರಿಸಿ. ಪ್ರೊಜೆಕ್ಟರಿಗೆ ಚಿತ್ರ ತರುವ ಎಚ್‌ಡಿಎಂಐ ಕೇಬಲ್ಲಿನ ತಲೆ ಗೋಡೆಯೊಳಗಿನ ಮುಕ್ಕಾಲಿಂಚಿನ ಪೈಪಿನೊಳಗೆ ತೂರುವುದಿಲ್ಲ, ಒಂದೂವರೆ ಇಂಚಿನದು ಬೇಕು. ಕೇಬಲ್ಲಿನ ಉದ್ದ ಎಂಟು ಮೀಟರ್ ದಾಟಿದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದಕ್ಕೆ ಹಿಂದುಮುಂದು ಇದೆ. ‘ಡಿಸ್‌ಪ್ಲೇ’ ಎಂದಿರುವ ತುದಿ ಪ್ರೊಜೆಕ್ಟರ್ ಕಡೆಗೆ ಬರಬೇಕು. ಗಿಲಾವು ಮುಚ್ಚುವ ಮೊದಲೇ ಒಮ್ಮೆ ಚಿತ್ರ ಮೂಡಿಸಿ ನೋಡಿ.