ಎದೆ ಮೇಲೆ ಪಿಸ್ತೂಲು ಕಟ್ಟಿಕೊಂಡು ಎಲ್ಕ್ ಶಿಕಾರಿ: ಆರು ಸೀಸನ್ನಿನ ನನ್ನ ಅನುಭವ

ಹೆಗಲಲ್ಲಿ ರೈಫಲ್ ಇರುವಾಗ ಇನ್ನೊಂದು ಪಿಸ್ತೂಲು ಯಾಕೆ ಅಂತ ಕೇಳದವರಿಲ್ಲ. ರೈಫಲ್ ಕೈಯಲ್ಲಿರುವಷ್ಟು ಹೊತ್ತು ಬೇಡ, ಒಪ್ಪುತ್ತೇನೆ. ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ, ಅದು ಬಿದ್ದ ಮೇಲೆ ಶುರುವಾಗುತ್ತದೆ ನೋಡಿ. ಇನ್ನೂರು ಕೆಜಿ ಪ್ರಾಣಿ, ಮೊಣಕೈವರೆಗೆ ರಕ್ತ, ಎರಡೂ ಕೈಯಲ್ಲಿ ಕೆಲಸ, ಬಗ್ಗಿದ ತಲೆ. ರೈಫಲ್ ನಾಲ್ಕು ಮಾರು ದೂರ ಮರಕ್ಕೆ ಒರಗಿರುತ್ತದೆ. ಗ್ರಿಜ್ಲಿ ಕರಡಿ ಬರುವುದು ಅದೇ ಹೊತ್ತಿಗೆ. ಅಮೆರಿಕದ ನಮ್ಮ ಮೊಂಟಾನಾ ರಾಜ್ಯದ ಹಳಬರು ಎಲ್ಕ್ ಸೀಸನ್ನಿನಲ್ಲಿ ಈಡಿನ ಸದ್ದು ಕೇಳಿದರೆ ಕರಡಿಗೆ ಊಟದ ಗಂಟೆ ಹೊಡೆದ ಹಾಗೆ ಅನ್ನುತ್ತಾರೆ. ತಮಾಷೆಗೆ ಅಂದುಕೊಂಡಿದ್ದೆ. ಮೂರನೇ ವರ್ಷದಿಂದ ಹಾಗೆ ಅನಿಸಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇತ್ತು, ಇತ್ತು ಅಂದರೆ ಎಲೆಕ್ಷನ್ ಬಂದಾಗಲೆಲ್ಲ ಠಾಣೆಯಲ್ಲಿ ಇತ್ತು. ಶಿಕಾರಿ ಕಂಡವನಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನು, ಅಜ್ಜನ ಕಥೆಗಳಷ್ಟೇ ನನ್ನ ಪಾಲಿಗೆ. ಬೋಜ್‌ಮನ್ನಿಗೆ ಕೆಲಸಕ್ಕೆ ಬಂದು, ಪೌರತ್ವವೂ ಸಿಕ್ಕಿ, ಹಂಟರ್ ಎಜುಕೇಷನ್ ಕ್ಲಾಸಿನಲ್ಲಿ ಹನ್ನೆರಡು ವರ್ಷದ ಹುಡುಗರ ಜೊತೆ ಕೂತು ಕಲಿತೆ. ಅದು ಇರಲಿ.

ಮೊದಲ ತಪ್ಪು ರಿವಾಲ್ವರು. .44 ಮ್ಯಾಗ್ನಮ್ ಬಿಟ್ಟರೆ ಕರಡಿಗೆ ಬೇರೆ ಇಲ್ಲ ಅಂತ ಎಲ್ಲರೂ ತಲೆಗೆ ತುಂಬಿದ್ದರು. ಪಕ್ಕದ ಐಡಾಹೊದ ಸ್ಯಾಲ್ಮನ್ ಊರಿನಲ್ಲಿದ್ದ, ಬಂದೂಕಿನ ಬಗ್ಗೆ ಬರೆಯುತ್ತಿದ್ದ ಎಲ್ಮರ್ ಕೀತ್ ಹಠ ಹಿಡಿದು 1955ರ ಸುಮಾರಿಗೆ ಮಾಡಿಸಿದ ತೋಟಾ ಅಲ್ವಾ, ಈ ಕಡೆ ಅದರ ಮೇಲೆ ದೇವರಷ್ಟು ಭಕ್ತಿ. ನಾನೂ ಒಂಬೈನೂರು ಡಾಲರ್ ಚಿಲ್ಲರೆ ಕೊಟ್ಟು ರೂಗರ್ ರೆಡ್‌ಹಾಕ್ ತಂದೆ. ಖಾಲಿಯೇ ಒಂದು ಕೆಜಿ ಮುನ್ನೂರು ಗ್ರಾಂ ಆಸುಪಾಸು. ಸೊಂಟಕ್ಕೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಇಳಿಯುತ್ತಿತ್ತು. ಆರು ಈಡು ಹೊಡೆಯುವಷ್ಟರಲ್ಲಿ ಅಂಗೈ ಉರಿ, ನಾಲ್ಕನೇ ಈಡಿಗೆ ಸದ್ದಿಗೆ ಮುಂಚೆಯೇ ಕಣ್ಣು ಮುಚ್ಚುತ್ತಿದ್ದೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಹತ್ತು ಗಜದಲ್ಲಿ ಊಟದ ತಟ್ಟೆಗೆ ಆರರಲ್ಲಿ ಎರಡು ಬಿದ್ದರೆ ಪುಣ್ಯ. ತೋಟಾ ಒಂದಕ್ಕೆ ಎರಡು ಡಾಲರಿನ ಮೇಲೆ, ಹಾಗಾಗಿ ಅಭ್ಯಾಸವೂ ಕಡಿಮೆ. ಎರಡು ವರ್ಷ ಹೊತ್ತು ಏಳುನೂರಕ್ಕೆ ಮಾರಿದೆ. ತಗೊಂಡವನು ಖುಷಿಯಾಗಿದ್ದಾನೆ, ಅವನ ಅಂಗೈ ನನ್ನದರ ಎರಡರಷ್ಟಿದೆ.

ಆಮೇಲೆ ಗ್ಲಾಕ್ 20 ಅನ್ನುವ ಪಿಸ್ತೂಲು. ಹತ್ತು ಎಂಎಂ ತೋಟಾದ್ದು. ಮ್ಯಾಗಜೀನಿನಲ್ಲಿ ಹದಿನೈದು, ತುಂಬಿದ ಮೇಲೂ ಆ ಖಾಲಿ ರಿವಾಲ್ವರಿಗಿಂತ ಹಗುರ. ನನ್ನ ಶಿಕಾರಿ ಗೆಳೆಯ, ರಿಟೈರ್ ಆದ ಪ್ಲಂಬರ್, ಇಲ್ಲೇ ಹುಟ್ಟಿ ಬೆಳೆದವನು, "ಅದು ಪೊಲೀಸರ ಆಟಿಕೆ" ಅಂತ ನಕ್ಕ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನಾಯಿ ಗಾಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಗೆ ಅಂತ ಇದೇ ಪಿಸ್ತೂಲು ಇಟ್ಟುಕೊಳ್ಳುತ್ತಾರೆ ಅಂದೆ. ಅವನು ಒಪ್ಪಲಿಲ್ಲ. ಹೆಂಡತಿಯ ತಕರಾರು ಬೇರೆ: "ಕರಡಿ ಬರೋ ಮೊದಲು ನೀವೇ ನಿಮ್ಮ ಕಾಲಿಗೆ ಹೊಡ್ಕೊಳ್ತೀರಿ ನೋಡಿ."

ಪಿಸ್ತೂಲು ಬದಲಾಯಿತು, ತೊಂದರೆ ಬದಲಾಗಲಿಲ್ಲ. ಸೊಂಟದಲ್ಲಿಟ್ಟರೆ ಬ್ಯಾಗಿನ ಸೊಂಟಪಟ್ಟಿ ಅದರ ಮೇಲೇ ಕೂರುತ್ತದೆ. ಕಂಕುಳಿನ ಚರ್ಮದ ಹೋಲ್ಸ್ಟರ್ (ಪಿಸ್ತೂಲಿನ ಒರೆ) ತಂದೆ, ನೂರಿಪ್ಪತ್ತು ಡಾಲರ್. ಬೆವರಿಗೆ ಒದ್ದೆಯಾಗಿ, ಬ್ಯಾಗಿನ ಪಟ್ಟಿಯ ಕೆಳಗೆ ಸಿಕ್ಕಿ, ಬೆನ್ನಿನ ಕಡೆಗೆ ಜಾರಿತು. ಆಮೇಲೆ ಜಾಣತನ ಮಾಡಿದೆ ಅಂದುಕೊಂಡು ಬ್ಯಾಗಿನ ಸೊಂಟಪಟ್ಟಿಗೇ ಹೋಲ್ಸ್ಟರ್ ಹೊಲಿಸಿದೆ. ಬಹಳ ಚೆಂದ ಕೂತಿತು. ಒಂದು ಸೀಸನ್ ಪೂರ್ತಿ ಹಾಗೇ ತಿರುಗಿದೆ. ಕೊನೆಗೊಂದು ದಿನ ಎಲ್ಕ್ ಸುಲಿಯುತ್ತಾ ಕೂತಿದ್ದಾಗ ಬ್ಯಾಗು ಎಲ್ಲಿ ಅಂತ ಹುಡುಕಿದರೆ ಹತ್ತು ಮಾರು ಮೇಲೆ, ಬಂಡೆಯ ಹತ್ತಿರ. ಪಿಸ್ತೂಲೂ ಅಲ್ಲೇ. ಮೈ ಜುಂ ಅಂತು. 2018ರ ಸೆಪ್ಟೆಂಬರಿನಲ್ಲಿ ಪಕ್ಕದ ವಯೋಮಿಂಗಿನ ಟೀಟನ್ ಕಾಡಿನಲ್ಲಿ ಹಿಂದಿನ ದಿನ ಹೊಡೆದ ಎಲ್ಕ್ ತರಲು ಹೋಗಿದ್ದ ಒಬ್ಬ ಗೈಡ್ ಗ್ರಿಜ್ಲಿಗೆ ಸಿಕ್ಕಿ ಸತ್ತ. ಅವನ ಪಿಸ್ತೂಲು ಬ್ಯಾಗಿನ ಹತ್ತಿರವೇ ಉಳಿದಿತ್ತು. ಆ ಸುದ್ದಿ ಓದಿ ತಲೆಯಾಡಿಸಿದವನು ನಾನು, ಅದೇ ತಪ್ಪು ಒಂದು ಸೀಸನ್ ಪೂರ್ತಿ ಮಾಡಿದ್ದೆ.

ಆಗ ನೆನಪಾದದ್ದು ಊರಿನ ಕತ್ತಿಕೊಕ್ಕೆ. ಅಪ್ಪಯ್ಯ ತೋಟಕ್ಕೆ ಹೊರಟರೆ ಸೊಂಟದ ಹಿಂದೆ ಕೊಕ್ಕೆ, ಅದರಲ್ಲಿ ಕತ್ತಿ. ಬಗ್ಗಲಿ, ಸಂಕ ದಾಟಲಿ, ಹೆಗಲಿಗೆ ಅಡಿಕೆ ಕೊನೆ ಹೊರಲಿ, ಕತ್ತಿ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಕೈ ಹಿಂದೆ ಹೋದರೆ ಹಿಡಿಯೇ ಸಿಗುತ್ತಿತ್ತು, ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಬ್ಯಾಗು, ಕೋಟು, ರೈಫಲ್, ಏನೇ ಬಿಚ್ಚಿದರೂ ಇದು ಮೈಮೇಲೆ ಉಳಿಯಬೇಕು. ನನಗೆ ಬೇಕಾದದ್ದು ಇಷ್ಟೇ. ಹಾಗಾದರೆ ಉಳಿಯುವುದು ಎದೆ.

ಎದೆಯಲ್ಲಿ ಬೈನಾಕ್ಯುಲರ್ ಇದೆಯಲ್ಲ! ಇಲ್ಲಿಯ ಎಲ್ಲ ಶಿಕಾರಿಯವರೂ ಸಿಕ್ಕಿಬೀಳುವುದು ಇಲ್ಲೇ. ಅಗ್ಗದ ನೈಲಾನಿನ ಎದೆ ಹೋಲ್ಸ್ಟರ್ ಮೂವತ್ತೈದು ಡಾಲರಿಗೆ ತಂದೆ, ಎರಡು ಮೈಲಿ ನಡೆಯುವಷ್ಟರಲ್ಲಿ ಪಟ್ಟಿ ಸಡಿಲವಾಗಿ ಪಿಸ್ತೂಲು ಗಡ್ಡಕ್ಕೆ ಗುದ್ದಲು ಶುರು ಮಾಡಿತು. ಅದರ ಬಾಯಿ ತೆರೆದೇ ಇದ್ದದ್ದರಿಂದ ಒಳಗೆ ಹಿಮ ತುಂಬಿ ಗಟ್ಟಿಯಾಯಿತು. ಕಸದ ಬುಟ್ಟಿಗೆ. ಆಮೇಲೆ ನೂರೈವತ್ತು, ನೂರರವತ್ತರ ಕೈಡೆಕ್ಸಿನದು, ಅಂದರೆ ಗಟ್ಟಿ ಪ್ಲಾಸ್ಟಿಕ್ಕು. ಇದು ಒಳ್ಳೆಯದು, ಟ್ರಿಗರ್ ಪೂರ್ತಿ ಮುಚ್ಚುತ್ತದೆ, ತಲೆಕೆಳಗೆ ಹಿಡಿದು ಕುಲುಕಿದರೂ ಬೀಳುವುದಿಲ್ಲ. ಆದರೆ ಬೈನಾಕ್ಯುಲರ್ ಚೀಲದ ಜೊತೆ ಒಂದಕ್ಕೊಂದು ಜಗಳ. ಬೈನಾಕ್ಯುಲರ್ ಮೇಲಿದ್ದರೆ ಪಿಸ್ತೂಲು ಎಳೆಯುವಾಗ ಹೆಬ್ಬೆರಳು ಅದಕ್ಕೆ ತಾಗುತ್ತದೆ. ಕೆಳಗಿದ್ದರೆ ಕಣ್ಣಿಗೆ ಎತ್ತುವಾಗ ಪಟ್ಟಿ ಅಡ್ಡ.

ನಾನು ಮಾಡಿದ್ದು ಇಷ್ಟು. ಬೈನಾಕ್ಯುಲರ್ ಚೀಲವನ್ನು ಎರಡು ಇಂಚು ಮೇಲೆ, ಹೆಚ್ಚುಕಡಿಮೆ ಕುತ್ತಿಗೆ ಕೆಳಗೇ ತಂದೆ. ಹೋಲ್ಸ್ಟರನ್ನು ಅದರ ಕೆಳಗೆ, ಪಕ್ಕೆಲುಬು ಮುಗಿಯುವ ಜಾಗಕ್ಕೆ, ಅಡ್ಡಡ್ಡ ಕೂರಿಸಿದೆ. ಎರಡಕ್ಕೂ ಹೆಗಲಪಟ್ಟಿ ಒಂದೇ. ಪಿಸ್ತೂಲಿನ ಭಾರ ಎರಡನ್ನೂ ಕೆಳಗೆ ಎಳೆದು ಹಿಡಿಯುತ್ತದೆ, ಹಾಗಾಗಿ ಬೈನಾಕ್ಯುಲರೂ ಕುಣಿಯುವುದು ನಿಂತಿತು. ಓರೆ ಎಷ್ಟು ಇರಬೇಕು ಅನ್ನುವುದು ನಿಮ್ಮ ಕೈ ಉದ್ದದ ಮೇಲೆ, ಅದನ್ನು ನೀವೇ ನೋಡಿಕೊಳ್ಳಿ. ಬೆನ್ನಿನ ಕಡೆ ಪಟ್ಟಿ ಸಡಿಲ ಆಗದ ಹಾಗೆ ಒಂದು ಗಂಟು ಹಾಕುತ್ತೇನೆ. ಅಡಿಕೆ ಮರ ಹತ್ತುವವರ ಹತ್ತಿರ ಕಲಿತದ್ದು. ಅದನ್ನು ಮಾತ್ರ ಕೇಳಬೇಡಿ.

ಒಂದು ಅಪಾಯ ಇದೆ. ಎದೆಯಲ್ಲಿ ಅಡ್ಡ ಇಟ್ಟರೆ ನಳಿಗೆ ಎಡಗಡೆಗೆ ನೋಡುತ್ತದೆ. ಎಳೆಯುವಾಗ ಎಡಗೈ ಮುಂದೆ ಬಂದರೆ ನಿಮ್ಮ ಮೊಣಕೈಯೇ ಗುರಿ. ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವಾಗ ವಿಡಿಯೋ ತೆಗೆದು ನೋಡಿದೆ, ಹತ್ತರಲ್ಲಿ ಮೂರು ಸಲ ನನ್ನ ಕೈಯ ಮೇಲೇ ಹಾದು ಹೋಗಿತ್ತು. ಹೆಂಡತಿಗೆ ತೋರಿಸಲಿಲ್ಲ. ಈಗ ಎಡಗೈ ಎದೆಗೆ ಅಂಟಿಯೇ ಇರುತ್ತದೆ. ಗೆಳೆಯ ಯಾವತ್ತೂ ನನ್ನ ಬಲಗಡೆಗೇ ನಡೆಯುತ್ತಾನೆ. ವಾಪಸು ಹಾಕುವುದು ಮಾತ್ರ ನಿಧಾನಕ್ಕೆ, ಕಣ್ಣಿಟ್ಟು ನೋಡಿ, ಅವಸರ ಇಲ್ಲ.

ಎಳೆದು ಹೊಡೆಯಲು ಎಷ್ಟು ಹೊತ್ತು ಬೇಕು ಅಂತ ಅಳೆಯಲು ನೂರಮೂವತ್ತು ಡಾಲರಿನ ಶಾಟ್ ಟೈಮರ್ ತಂದೆ. ಸೊಂಟದ ರಿವಾಲ್ವರಿಗೆ ಬ್ಯಾಗು ಹಾಕಿಕೊಂಡು ನಾಲ್ಕು ಸೆಕೆಂಡಿನ ಮೇಲೆ ಬೇಕಾಗುತ್ತಿತ್ತು. ಗ್ರಿಜ್ಲಿ ಓಡಿದರೆ ಸೆಕೆಂಡಿಗೆ ಹದಿನೈದು ಮೀಟರ್ ಹತ್ತಿರ ಬರುತ್ತದೆ, ಲೆಕ್ಕ ನೀವೇ ಹಾಕಿ. ಎದೆಯಿಂದ ಮೊದಲ ವಾರ ಮೂರು ಸೆಕೆಂಡು, ಚಳಿಗಾಲ ಪೂರ್ತಿ ದಿನಾ ಇಪ್ಪತ್ತು ಸಲ ಖಾಲಿ ಎಳೆದ ಮೇಲೆ ಒಂದೂಮುಕ್ಕಾಲು. ಕೈಗವಸು ಹಾಕಿದರೆ ಎರಡು.

ಇನ್ನು ಗುಂಡು. 220 ಗ್ರೇನ್, ಅಂದರೆ ಸುಮಾರು ಹದಿನಾಲ್ಕು ಗ್ರಾಂ ತೂಕದ ಗಟ್ಟಿ ಸೀಸದ್ದೇ ಬೇಕು, ಅಗಲವಾಗಿ ಅರಳುವ ಗುಂಡು ಕರಡಿಗೆ ಅಲ್ಲ. ಇದನ್ನು ಕೇಳಿ ನಂಬಿದ್ದಲ್ಲ, ಒಂದು ಭಾನುವಾರ ಗ್ಯಾಲನ್ ಹಾಲಿನ ಖಾಲಿ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿ ಇಟ್ಟು ಹೊಡೆದೆ. ಅರಳುವುದು ಮೂರನೇ ಕ್ಯಾನಿನಲ್ಲಿ ನಿಂತಿತು. ಗಟ್ಟಿ ಸೀಸ ಆರೂ ದಾಟಿ ಹಿಂದಿನ ಮಣ್ಣಿಗೆ ಹೋಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಕ್ಯಾನು ಕೂಡಿಟ್ಟಿದ್ದಕ್ಕೆ ಬೈಗುಳ ಬೇರೆ. ಆದರೆ ಲೇಪನ ಇಲ್ಲದ ಸೀಸ ಬೇಡ ಅಂತ ಗ್ಲಾಕ್ ಕಂಪನಿಯೇ ಹೇಳುತ್ತದೆ, ನಳಿಗೆಯಲ್ಲಿ ಸೀಸ ಅಂಟುತ್ತದೆ. ಹಾಗಾಗಿ ನೂರೈವತ್ತು ಕೊಟ್ಟು ಬೇರೆ ನಳಿಗೆ. ಅದಕ್ಕೆ ತಕ್ಕ ಸ್ಪ್ರಿಂಗು. ಮೊದಲ ಐವತ್ತರಲ್ಲಿ ನಾಲ್ಕು ತೋಟಾ ಸಿಕ್ಕಿಕೊಂಡವು, ಗುಂಡಿನ ಮೂಗು ಚಪ್ಪಟೆ ಅಲ್ವಾ, ಒಳಗೆ ಹೋಗುವಾಗ ತಡೆಯುತ್ತದೆ. ಸರಿ ಮಾಡಿಕೊಂಡೆ. ಹೇಗೆ ಅನ್ನುವುದು ನಿಮ್ಮೂರಿನ ಗನ್‌ಸ್ಮಿತ್ ಹತ್ತಿರ ಕೇಳಿ, ನನ್ನ ಮಾತು ಕೇಳಿ ಅರ ಹಿಡಿದು ಕೂರಬೇಡಿ. ಆಮೇಲಿನ ಇನ್ನೂರರಲ್ಲಿ ಒಂದೂ ಸಿಕ್ಕಿಕೊಂಡಿಲ್ಲ. ಅಭ್ಯಾಸಕ್ಕೆ ಅಗ್ಗದ ತಾಮ್ರ ಲೇಪನದ್ದು, ವರ್ಷಕ್ಕೆ ಏಳೆಂಟು ನೂರು.

ಕರಡಿ ನುಗ್ಗಿ ಬಂದ ಹಾಗಿರಲಿ ಅಂತ ಮಾಡಿದ ಟೈರಿನ ಪ್ರಯೋಗವನ್ನು ಹೇಳಲೇಬೇಕು. ಹಳೇ ಟೈರಿನ ನಡುವೆ ರಟ್ಟು ತುರುಕಿ, ಗೆಳೆಯ ದಿಬ್ಬದ ಮೇಲಿಂದ ಪಕ್ಕಕ್ಕೆ ನಿಂತು ಹಗ್ಗ ಬಿಡುತ್ತಿದ್ದ, ಟೈರು ಕುಣಿಯುತ್ತಾ ನನ್ನ ಕಡೆಗೇ ಬರುತ್ತಿತ್ತು. ಅವನು ಬಂಡೆಯ ಹಿಂದೆ ಹೋಗಿ ಕೂಗಿದ ಮೇಲೆಯೇ ನಾನು ಎಳೆಯುವುದು. ಮೊದಲ ದಿನ ಹತ್ತು ಟೈರಿಗೆ ಎರಡರಲ್ಲಿ ತೂತು. ಒಂದು ಟೈರು ನನ್ನನ್ನೇ ಕೆಡವಿ ಹೋಯಿತು. ಗೆಳೆಯ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಎರಡು ಬೇಸಿಗೆ ಕಳೆದ ಮೇಲೆ ಹತ್ತಕ್ಕೆ ಆರೋ ಏಳೋ. ಅವನ .44ರಲ್ಲಿ ಅವನಿಗೆ ನಾಲ್ಕು. ಬರೆದಿಟ್ಟಿದ್ದೇನೆ.

ಇನ್ನೊಂದು, ಕೊಬ್ಬು. ಎಲ್ಕಿನ ಕೊಬ್ಬು ಹತ್ತಿದ ಕೈಗೆ ಪಿಸ್ತೂಲಿನ ಹಿಡಿ ಮೀನಿನ ಹಾಗೆ ಜಾರುತ್ತದೆ. ಮನೆಯಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಖಾಲಿ ಪಿಸ್ತೂಲಿನಲ್ಲಿ ಪರೀಕ್ಷೆ ಮಾಡಿದೆ. ಮೂರು ಬಗೆಯ ರಬ್ಬರ್ ತೋಳು ಹಾಕಿ ನೋಡಿದೆ, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಸ್ಕೇಟ್‌ಬೋರ್ಡಿಗೆ ಅಂಟಿಸುವ ಮರಳುಕಾಗದದಂಥ ಟೇಪು, ಆರು ಡಾಲರ್. ಅಂಗಿಯನ್ನು ಉಜ್ಜಿ ಹರಿಯುತ್ತದೆ, ಆದರೆ ಜಾರುವುದಿಲ್ಲ.

ಒಟ್ಟು ಎಷ್ಟಾಯಿತು ಅಂದರೆ, ಮಾರಿದ್ದು ಕಳೆದೂ ಸಾವಿರ ಡಾಲರ್ ಮೇಲೆ, ತೋಟಾ ಬಿಟ್ಟು. ಭಾವ ಶಿವಮೊಗ್ಗದಿಂದ ಫೋನು ಮಾಡಿ, "ಆ ದುಡ್ಡಿಗೆ ಕುರಿ ಮಾಂಸ ಎಷ್ಟು ಬರ್ತಿತ್ತು ಮಾರಾಯ" ಅಂದ. ಅದೂ ನಿಜ.

ಬೇರ್ ಸ್ಪ್ರೇ, ಅಂದರೆ ಕರಡಿಯ ಮುಖಕ್ಕೆ ಬಿಡುವ ಖಾರದ ಸ್ಪ್ರೇ, ಅದನ್ನು ಬಿಟ್ಟಿದ್ದೀರಾ ಅಂತ ಕೇಳುತ್ತೀರಿ. ಇಲ್ಲ. ಎಡ ಸೊಂಟದಲ್ಲಿ ಅದೂ ಇರುತ್ತದೆ. ಮೂವತ್ತು ಅಡಿ ದೂರ, ಏಳೆಂಟು ಸೆಕೆಂಡು ಬರುತ್ತದೆ, ಪಿಸ್ತೂಲಿನಷ್ಟು ಗುರಿ ಬೇಕಾಗಿಲ್ಲ. ಎದುರು ಗಾಳಿ ಇದ್ದರೆ ಮಾತ್ರ ನಿಮ್ಮ ಕಣ್ಣಿಗೇ. ಇಲ್ಲಿಯ ಗ್ರಿಜ್ಲಿ 1975ರಿಂದ ಕಾನೂನಿನ ರಕ್ಷಣೆಯಲ್ಲಿದೆ. ಹೆದರಿಕೆ ಆಯಿತು, ನನ್ನ ಮಾಂಸ ತಿಂತು ಅಂತೆಲ್ಲ ಹೊಡೆಯುವ ಹಾಗಿಲ್ಲ. ಜೀವಕ್ಕೆ ಬಂದು ಹೊಡೆದರೂ ಅಧಿಕಾರಿಗಳಿಗೆ ತಿಳಿಸಬೇಕು, ತನಿಖೆ ನಡೆಯುತ್ತದೆ. ಸ್ಪ್ರೇ ಮೊದಲು, ಪಿಸ್ತೂಲು ಕೊನೆಗೆ. ತಮಾಷೆ ಅಂದರೆ ಅಲಾಸ್ಕಕ್ಕೆ ವಿಮಾನದಲ್ಲಿ ಹೋಗುವಾಗ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕೌಂಟರಿನಲ್ಲಿ ಹೇಳಿ, ಪಿಸ್ತೂಲನ್ನು ಲಗೇಜಿಗೆ ಹಾಕಬಹುದು, ಸ್ಪ್ರೇ ಹಾಕುವ ಹಾಗಿಲ್ಲ.

ಹೋದ ಅಕ್ಟೋಬರ್ ಕೊನೆ. ಗಾರ್ಡಿನರ್ ಮೇಲಿನ ಅಬ್ಸರೋಕ ಬೆಟ್ಟದ ಇಳಿಜಾರು, ಸಂಜೆ ನಾಲ್ಕು. ಹೆಣ್ಣು ಎಲ್ಕ್, ನೂರೆಂಬತ್ತು ಗಜ ಇರಬಹುದು, ಒಂದೇ ಈಡು. ಹಿಂದಿನ ತೊಡೆ ಎರಡೂ ಬಿಡಿಸಿ ಚೀಲಕ್ಕೆ ಹಾಕಿ, ದೂರದ ಮರಕ್ಕೆ ನೇತುಹಾಕಿ ಬಂದಿದ್ದೆವು. ನಾನು ಮುಂಗಾಲಿನ ಸಂದಿನಲ್ಲಿ ಚಾಕು ಇಟ್ಟು ಬಗ್ಗಿದ್ದೆ, ಗೆಳೆಯ ಕಾವಲು. ಕಾಡುಕಾಗೆಗಳು ಒಟ್ಟಿಗೇ ಎದ್ದವು. ತಲೆ ಎತ್ತಿದೆ. ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಹುಬ್ಬು ಹೆಗಲು, ಹಿಂದೆ ಎರಡು ಮರಿ, ಮರಿ ಅಂದರೆ ನನ್ನ ತೂಕದವು. ಚಾಕು ಯಾವಾಗ ಬಿಟ್ಟೆ ಗೊತ್ತಿಲ್ಲ. ಟೇಪಿನ ಒರಟು ಅಂಗೈಗೆ ತಾಗಿದ್ದು ಗೊತ್ತು. ಪಿಸ್ತೂಲು ಆಗಲೇ ಮುಂದಿತ್ತು, ಎಡಗೈ ಎದೆಗೆ ಅಂಟಿತ್ತು. ತಾಯಿ ಹಲ್ಲು ಕಟಕಟ ಅನ್ನಿಸಿತು, ನುಗ್ಗಿತು, ನಿಂತಿತು, ಮತ್ತೆ ನುಗ್ಗಿತು. ಗೆಳೆಯ ಸ್ಪ್ರೇ ಬಿಟ್ಟ, ಎಂಟೊಂಬತ್ತು ಮೀಟರಿನಲ್ಲಿ. ಕೇಸರಿ ಮೋಡದೊಳಗೆ ಅದರ ಮುಖ ಕಾಣಲಿಲ್ಲ, ಸೀನಿದ ಸದ್ದು ಕೇಳಿತು, ಆಮೇಲೆ ಬೆನ್ನು ಕಂಡಿತು. ನಾನು ಹೊಡೆಯಲಿಲ್ಲ. ಬೆರಳು ಟ್ರಿಗರಿನ ಹೊರಗೇ ಇತ್ತು, ಅದು ನನಗೆ ಹೆಮ್ಮೆ.

ಉಳಿದ ಮಾಂಸ ಅಲ್ಲೇ ಬಿಟ್ಟು, ನೇತುಹಾಕಿದ್ದನ್ನು ಹೊತ್ತು ಇಳಿದೆವು. ಬೆಳಿಗ್ಗೆ ನಾಲ್ಕು ಜನ ಹೋಗಿ ದೂರದಿಂದ ನೋಡಿದರೆ ಮಣ್ಣು ಮುಚ್ಚಿದ ಗುಡ್ಡೆ. ಹತ್ತಿರ ಹೋಗಲಿಲ್ಲ, ಅದು ಅವಳ ಪಾಲು. ಗಾಡಿಯಲ್ಲಿ ಗೆಳೆಯ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಬೆನ್ನಿನ ಆ ಗಂಟು ಹೇಗೆ ಅಂತ ಕೇಳಿದ. ಅವನಿಗೂ ಹೇಳಿಲ್ಲ, ಕಟ್ಟಿಕೊಟ್ಟಿದ್ದೇನೆ.

ಈಗ ಉಳಿದ ತಲೆನೋವು ನವೆಂಬರ್ ಚಳಿ. ಮೈನಸ್ ಇಪ್ಪತ್ತಕ್ಕೆ ದಪ್ಪ ಕೋಟು ಹಾಕಲೇಬೇಕು. ಹೋಲ್ಸ್ಟರ್ ಕೋಟಿನ ಒಳಗಿದ್ದರೆ ಜಿಪ್ಪು ಎಳೆಯುವುದಕ್ಕೇ ಎರಡು ಸೆಕೆಂಡು. ಹೊರಗಿದ್ದರೆ ಎಣ್ಣೆ ಗಟ್ಟಿಯಾಗಿ ಸ್ಲೈಡು, ಅಂದರೆ ಈಡು ಹೊಡೆದಾಗ ಹಿಂದೆ ಮುಂದೆ ಸರಿಯುವ ಭಾಗ, ನಿಧಾನ. ಎಣ್ಣೆ ಪೂರ್ತಿ ಒರೆಸಿ ಗ್ರಾಫೈಟ್ ಪುಡಿ ಹಾಕಿ ನೋಡುತ್ತಿದ್ದೇನೆ, ಗ್ಯಾರೇಜಿನ ಫ್ರೀಜರಿನಲ್ಲಿ ಎರಡು ರಾತ್ರಿ ಇಟ್ಟದ್ದಾಯಿತು. ಮೊದಲ ಮ್ಯಾಗಜೀನು ಚೆನ್ನಾಗಿ ನಡೆಯಿತು, ಎರಡನೆಯದರಲ್ಲಿ ಒಂದು ಸಿಕ್ಕಿಕೊಂಡಿತು.